ಅಕ್ಕಿ ಡಬ್ಬದಲ್ಲಿ ಕಳೆದುಹೋದ ಬಸವನಹುಳುವಿನ ಚಿಪ್ಪು

ಕುರುಬರಹಳ್ಳಿಯ ನಮ್ಮ ಮನೇಲಿ ನನ್ನನ್ನು ಬಿಟ್ಟರೆ ಎಲ್ಲರೂ ಓದಿದವರೇ. ನಾನು ಬರೀ ಮೂರನೇ ಕ್ಲಾಸು. ಆದ್ರೂ ಇದನ್ನು ನಾನೇ ಬರೀತಿದೀನಿ, ಖುಷಿ ತಡೆಯೋಕಾಗ್ತಿಲ್ಲ.

ಹೋದ ತಿಂಗಳು ಮಗ, ಸೊಸೆ, ಮೊಮ್ಮಗಳು ಗೋಕರ್ಣಕ್ಕೆ ಹೋಗಿದ್ರು. ಅಲ್ಲಿ ಮೊಮ್ಮಗಳು ಮರಳಲ್ಲಿ ಕೂತು ಸಮುದ್ರದ ಬಸವನಹುಳುವಿನ ಚಿಪ್ಪೊಂದನ್ನು ಹೆಕ್ಕಿದಾಳೆ. ಅಕ್ಕಿ ನುಚ್ಚಿನಷ್ಟು ಗಾತ್ರ, ಅಷ್ಟರಲ್ಲೇ ಮೂರು ಸುತ್ತು, ಒಂದು ಕಂದು ಗೆರೆ. "ಮರಿ ಅಲ್ಲ ಅತ್ತೆ, ಈ ಜಾತಿ ಪೂರ್ತಿ ಬೆಳೆದ್ರೂ ಇಷ್ಟೇ" ಅಂತ ಸೊಸೆ ಫೋನಿಂದ ಹೇಳಿದ್ಲು. ಸೋಮವಾರ ಕ್ಲಾಸಲ್ಲಿ ತೋರಿಸಬೇಕಂತೆ. ಜೋಪಾನವಾಗಿರಲಿ ಅಂತ ನನ್ನ ಮಗ, ದೊಡ್ಡ ಇಂಜಿನಿಯರು, ಅದನ್ನು ತನ್ನ ಫೋನಿನ ಕವರೊಳಗೆ ಇಟ್ಟುಕೊಂಡ. ಆಮೇಲೆ ಸೆಲ್ಫಿ ತೆಗೆಯೋಕೆ ಹೋಗಿ ಫೋನನ್ನೇ ನೀರಿಗೆ ಹಾಕಿದ. ಎತ್ತಿ ನೋಡಿದ್ರೆ ಚಿಪ್ಪು ಮಾತ್ರ ಕವರೊಳಗೇ ಇತ್ತಂತೆ.

ಭಾನುವಾರ ಮನೆಗೆ ಬಂದೋನೇ, ಫೋನು ಒಣಗಲಿ ಅಂತ ನನ್ನ ಅಕ್ಕಿ ಡಬ್ಬದಲ್ಲಿ ಹೂತಿಟ್ಟ. ಕವರನ್ನೂ ಬಿಚ್ಚಲಿಲ್ಲ, ಪುಣ್ಯಾತ್ಮ. ಸಂಜೆ ತೆಗೆದರೆ ಫೋನೂ ಸತ್ತಿತ್ತು, ಚಿಪ್ಪೂ ಇಲ್ಲ.

ಮೊಮ್ಮಗಳು ಅಳೋಕೆ ಶುರು ಮಾಡಿದ್ಲು. ಸೊಸೆ ಟಾರ್ಚ್ ಬಿಟ್ಟಳು, ಮಗ ಭೂತಗನ್ನಡಿ ಹಿಡಿದು ಐದು ಕೆಜಿ ಅಕ್ಕಿಯನ್ನು ಒಂದೊಂದೇ ಕಾಳು ನೋಡ್ತಾ ಕೂತ.

"ಇವಳ ಮದುವೆ ಹೊತ್ತಿಗೆ ಸಿಗುತ್ತೆ, ನೋಡ್ತಿರು" ಅಂದು, ಅಟ್ಟದಿಂದ ಮೊರ ಇಳಿಸೋಕೆ ಹೇಳಿದೆ. ಪ್ಯಾಕೆಟ್ ಅಕ್ಕೀಲಿ ಕಲ್ಲೇ ಇರಲ್ಲ, ಮೊರ ಯಾಕತ್ತೆ ಅಂತ ಅದನ್ನು ಅಲ್ಲಿಗೆ ಹತ್ತಿಸಿದ್ದು ಸೊಸೆ.

"ಕೇರಿದ್ರೆ ಹಾರಿ ಹೋಗುತ್ತೆ ಕಣಮ್ಮ" ಅಂದ ಮಗ.

"ಹಾರ್ಲಿ ಅಂತಾನೇ ಕೇರೋದು. ಒಳಗೆ ಹುಳು ಇಲ್ಲ, ಖಾಲಿ ಮನೆ, ಅಕ್ಕಿಗಿಂತ ಹಗುರ. ಮುಂದಕ್ಕೆ ಬಂದೇ ಬರುತ್ತೆ."

ನೆಲಕ್ಕೆ ಕಪ್ಪು ಸೀರೆ ಹಾಸಿ, ಸ್ವಲ್ಪ ಸ್ವಲ್ಪವೇ ಹಾಕಿಕೊಂಡು ಕೇರಿದೆ. ನಾಲ್ಕನೇ ಮೊರಕ್ಕೆ ಬಂದು ಸೀರೆ ಮೇಲೆ ಕೂತಿತು, ಮೂರು ಸುತ್ತೂ ನೆಟ್ಟಗೆ. ಮೊಮ್ಮಗಳು ಬೆರಳ ತುದಿ ಒದ್ದೆ ಮಾಡಿ ಅಂಟಿಸಿಕೊಂಡು ಎತ್ತಿದ್ಲು. ಇಂಜಿನಿಯರು ಭೂತಗನ್ನಡೀನ ಮೆಲ್ಲಗೆ ಜೇಬಿಗೆ ಹಾಕಿಕೊಂಡ.

ಸೋಮವಾರ ಸಂಜೆ ಮೊಮ್ಮಗಳು ಸ್ಕೂಲಿಂದ ಬಂದು, ಚಿಪ್ಪಿಟ್ಟಿದ್ದ ಪುಟ್ಟ ಡಬ್ಬಿ ಮೇಲಿನ ಚೀಟಿ ತೋರಿಸಿದ್ಲು. ನನಗೆ ಓದೋಕಾಗ್ಲಿ ಅಂತ ಕನ್ನಡದಲ್ಲೇ ಬರೆದಿದ್ಲು. ಅಕ್ಷರ ಕೂಡಿಸಿ ಓದಿದೆ: "ಸಿಕ್ಕ ಜಾಗ: ನಮ್ಮಜ್ಜಿ ಮೊರ." ಟೀಚರು ಅದನ್ನು ಕೆಂಪು ಇಂಕಲ್ಲಿ ಹೊಡೆದು ಗೋಕರ್ಣ ಅಂತ ತಿದ್ದಿದ್ರು. ಓದಿದೋರು ತಾನೇ, ತಿದ್ದಲಿ. ಗೆರೆ ಕೆಳಗೆ ನನ್ನ ಮೊರ ಚೆನ್ನಾಗಿಯೇ ಕಾಣ್ತಿದೆ.

ಈಗ ಮೊರ ಅಡುಗೆಮನೆ ಗೋಡೇಲಿ ನೇತಾಡ್ತಿದೆ. ಮೊಳೆ ಹೊಡೆದೋಳು ಸೊಸೆ.