ಕೆಂಪು ಅಂಕಿಗಳ ವಾಚು

ಅವ್ವ ತೀರಿಕೊಂಡ ಹನ್ನೊಂದನೆಯ ದಿನ ದೊಡ್ಡಪ್ಪ ಅವಳ ವಾಚನ್ನು ಬೀಗರ ಮುಂದೆ ಎತ್ತಿ ಹಿಡಿದು, ಇದು ಕದ್ದದ್ದೇ ಇರಬೇಕು ಎಂದ. ಎಪ್ಪತ್ತರ ದಶಕದ ಕೊನೆಯ ಮಾತಿದು. ಅವ್ವ ಹುನಗುಂದದ ಹೆರಿಗೆ ದವಾಖಾನೆಯೊಂದರಲ್ಲಿ ನರ್ಸ್ ಆಗಿದ್ದಳು. ಗಂಡಸರ ಅಳತೆಯ ಪರದೇಶದ ವಾಚು ಅಂಥವಳಿಗೆ ಎಲ್ಲಿಂದ ಬರಬೇಕು ಎಂಬುದು ಅವನ ವಾದ. ಚೊಳಚಗುಡ್ಡಕ್ಕೆ ಹೋಗಿ ಬನಶಂಕರಿಯ ಹುಂಡಿಗೆ ಹಾಕಿ ಬಂದರೆ ಮನೆತನಕ್ಕೆ ಅಂಟಿದ ಕಳಂಕ ಹೋಗುತ್ತದಂತೆ. ದೊಡ್ಡಪ್ಪ ಆಸೆಬುರುಕನಲ್ಲ, ಮರ್ಯಾದೆಯ ಹುಚ್ಚಿನವನು. ಅದೇ ನನ್ನ ಮೈ ಉರಿಸಿತು. ವಾಚನ್ನು ಅವನ ಕೈಯಿಂದ ಕಸಿದುಕೊಂಡು ಸೆರಗಿಗೆ ಗಂಟು ಹಾಕಿದೆ. ನೆರೆದವರು ನನ್ನನ್ನು ಗಯ್ಯಾಳಿ ಎಂದರು. ಅನ್ನಲಿ.

ವಾಚಿನ ಮೇಲೆ ಕೇಳಿದ ಕಂಪನಿಯ ಹೆಸರೇನೂ ಇರಲಿಲ್ಲ. ಆರರ ಕೆಳಗೆ, ಕಣ್ಣು ಕಿರಿದು ಮಾಡಿದರಷ್ಟೇ ಕಾಣುವಂತೆ, ಸ್ವಿಸ್ ಎಂದಿತ್ತು. ಅಂಚಿನ ಸುತ್ತ ಕೆಂಪು ಅಂಕಿಗಳು. ಅವಾದರೂ ಏರದೆ ಇಳಿಯುತ್ತಿದ್ದವು, ಇನ್ನೂರು, ನೂರೈವತ್ತು, ನೂರು, ಎಂಬತ್ತು ಎಂದು. ಬಾಗಲಕೋಟೆಯ ರಿಪೇರಿಯವನು ಅವನ್ನು ಕಂಡು ನಕ್ಕುಬಿಟ್ಟ. ಅಂಕಿಗಳನ್ನು ತಪ್ಪಾಗಿ ಛಾಪಿಸಿದ್ದಾರೆ, ಬಿಸಾಡಿದ ಮಾಲು ಎಂದ. ನಿನ್ನ ತಲೆ ಎಂದುಕೊಂಡು ಹೊರಬಂದೆ. ಅವ್ವ ಸೀರೆ ತರಲು ಇಳಕಲ್ಲಿಗೆ ಹೋದಾಗಲೆಲ್ಲ ಅಲ್ಲಿನ ರಿಪೇರಿ ಅಂಗಡಿಯ ಮುದುಕನೊಬ್ಬನಿಗೆ ವಾಚು ತೋರಿಸಿ ಬರುತ್ತಿದ್ದದ್ದು ಆಗ ನೆನಪಾಯಿತು. ಮರುದಿನವೇ ಬಸ್ಸು ಹತ್ತಿದೆ.

ಮುದುಕ ವಾಚು ನೋಡಿದವನೇ ತನ್ನ ಕೈ ಮುಂದೆ ಚಾಚಿದ. ನಾಡಿ ಹಿಡಿದು, ಸೆಕೆಂಡ್ ಮುಳ್ಳು ಹನ್ನೆರಡಕ್ಕೆ ಬಂದಾಗಿನಿಂದ ಮೂವತ್ತು ಬಡಿತ ಎಣಿಸಲು ಹೇಳಿದ. ಎಣಿಸಿದೆ. ಮೂವತ್ತು ಮುಗಿದಾಗ ಮುಳ್ಳು ಕೆಂಪು ಎಪ್ಪತ್ತರ ಮೇಲಿತ್ತು.

“ನಿಮಿಷಕ್ಕ ಎಪ್ಪತ್ತು ಬಡಿತ ಅಂದಂಗಾತು. ಇದು ನಾಡಿ ನೋಡೂ ಡಾಕ್ಟರರ ವಾಚು, ತಂಗಿ,” ಎಂದ.

ಡಾಕ್ಟರರದ್ದು ಎಂದಾದರೆ ದೊಡ್ಡಪ್ಪನ ಮಾತಿಗೇ ಬಲ ಬಂದಂತಾಯಿತಲ್ಲ. ದೊಡ್ಡಪ್ಪ ಆಡಿದ್ದನ್ನೆಲ್ಲ ಮುದುಕನಿಗೆ ಹೇಳಿದೆ. ಅವನು ವಾಚಿನ ಹಿಂಬದಿಯ ಮುಚ್ಚಳ ಬಿಚ್ಚಿ, ಒಳಮೈಯನ್ನು ಬೆಳಕಿಗೆ ಹಿಡಿದು, ಭೂತಗನ್ನಡಿ ಕೊಟ್ಟ. ಸೂಜಿಯಿಂದ ಕೊರೆದ ಸಣ್ಣ ಬರಹ ಸಾಲು ಸಾಲಾಗಿತ್ತು. ಮೊದಲ ಮೂರು ಸಾಲು, ಹುನಗುಂದ ಡಾಕ್ಟರಬಾಯಿ. ನಾಲ್ಕನೆಯದು, ಡಾಕ್ಟರಬಾಯಿ ಕೈಯಾರೆ ನರ್ಸಬಾಯಿಗೆ. ಅದರ ಕೆಳಗಿನವೆಲ್ಲ ನರ್ಸಬಾಯಿ.

ಎಲ್ಲವೂ ಅವನದೇ ಕೈಬರಹ. ರಿಪೇರಿಗೆ ಬಂದ ವಾಚಿನೊಳಗೆ ಯಾರದೆಂದು ಗೀಚಿಡುವುದು ಅವರ ಕಸುಬಿನ ರೂಢಿಯಂತೆ. ವಾಚು ಕೈ ಬದಲಾದರೆ ತಪ್ಪದೆ ಬರೆಯಬೇಕು, ಯಾಕೆಂದರೆ ಕಳುವಿನ ಮಾಲು ಹುಡುಕಿಕೊಂಡು ಪೊಲೀಸರು ಮೊದಲು ಬರುವುದು ಅವರ ಹತ್ತಿರವೇ. ಅವ್ವನ ದವಾಖಾನೆಯಲ್ಲಿ ಮೊದಲಿದ್ದ ಪರದೇಶದ ಡಾಕ್ಟರಬಾಯಿ ತನ್ನ ದೇಶಕ್ಕೆ ಹೊರಡುವ ಮುನ್ನ ಅವ್ವನನ್ನು ಕರೆದುಕೊಂಡು ಅಂಗಡಿಗೆ ಬಂದಿದ್ದಳಂತೆ. ಅವ್ವನ ಸಣ್ಣ ಮಣಿಕಟ್ಟಿಗೆ ಹೊಂದುವಂತೆ ಪಟ್ಟಿಗೆ ಹೊಸ ತೂತು ಹಾಕಿಸಿದಳಂತೆ. ಅಂಗಡಿಯಲ್ಲೇ ಗಳಗಳ ಅತ್ತುಬಿಟ್ಟೆ.

ಭೂತಗನ್ನಡಿಯನ್ನು ಎರವಲು ತಂದು, ವಾಚಿನ ಮುಚ್ಚಳ ಬಿಚ್ಚಿ ದೊಡ್ಡಪ್ಪನ ಮುಂದಿಟ್ಟೆ. ಅವನು ಒಂದೊಂದೇ ಸಾಲು ಓದಿ, ಆತು ಬಿಡು, ಇಟ್ಕೋ ಎಂದ.

“ಇಟ್ಕೊಳ್ಳಾಕ ನಿನ್ನ ಅಪ್ಪಣಿ ಕೇಳಾಕ ಬಂದಿಲ್ಲ,” ಎಂದೆ. “ನಮ್ಮವ್ವನ್ನ ಮಂದಿ ಮುಂದ ಕಳ್ಳಿ ಮಾಡಿದಿ. ಅದ ಮಂದಿ ಮುಂದ ಆಕಿ ಕಳ್ಳಿ ಅಲ್ಲ ಅನ್ನು.”

ಹಿರಿಯರಿಗೆ ಹೀಗೆ ಮಾತಾಡುತ್ತಾರೆಯೇ ಎಂದು ದೊಡ್ಡಮ್ಮ ಗದರಿದಳು. ನಾನು ಜಗ್ಗಲಿಲ್ಲ. ಬಂದಿದ್ದ ಬೀಗರನ್ನು ಮತ್ತೆ ಕರೆಸುವವರೆಗೆ ಆ ಮನೆಯ ನೀರೂ ಮುಟ್ಟುವುದಿಲ್ಲ ಎಂದು ಹೇಳಿ ಬಂದೆ.

ಮುಂದಿನ ಅಮಾವಾಸ್ಯೆಗೆ ಕರೆಸಿದ. ತಲೆ ತಗ್ಗಿಸಿ, ಆಕಿ ಕದ್ದಿಲ್ಲ, ನಂದ ತಪ್ಪಾತು ಎಂದ. ಬೀಗರು ತಲೆದೂಗಿದರು, ಯಾರೋ ಚಹಾ ತಂದರು. ಇನ್ನೇನು ಬೇಕು ನಿನಗೆ ಎಂದು ದೊಡ್ಡಮ್ಮ ಕೇಳಿದಳು. ಈ ವಾಚು ಎಲ್ಲಿಂದ ಬಂತೆಂದು ಅವ್ವ ಬದುಕಿದ್ದಾಗ ಒಬ್ಬರಾದರೂ ಅವಳನ್ನೇ ಕೇಳಬೇಕಿತ್ತು ಎಂದೆ.