ತಳದಲ್ಲಿ ಒಂದು ಚಮಚ

ಸಾಹೇಬರ ಈಸ್ಟನ್ನು ಕೊಂದವನು ನಾನು. ಮೊದಲೇ ಹೇಳಿಬಿಡುತ್ತೇನೆ. ತಡಮಾಡಿದರೆ ನನ್ನ ಬಾಯಿ ಇದನ್ನೂ ಒಂದು ತಮಾಷೆ ಮಾಡಿ ಮುಗಿಸಿಬಿಡುತ್ತದೆ.

ಅವರ ಮೂಗನ್ನು ನೀವು ನೋಡಬೇಕಿತ್ತು. ಉದ್ದನೆಯದು, ತುದಿ ಸ್ವಲ್ಪ ಎಡಕ್ಕೆ ವಾಲಿದ್ದು, ಕನ್ನಡಕ ಕೂತು ಕೂತು ಎರಡೂ ಬದಿಗೆ ಕೆಂಪು ಗುಳಿ ಬಿದ್ದದ್ದು. ಏನನ್ನೇ ಮೂಸುವ ಮೊದಲು ಕನ್ನಡಕ ತೆಗೆದು ಜೇಬಿಗಿಡುವರು. ಕಣ್ಣು ಮುಚ್ಚಿ, ಸಂಧ್ಯಾವಂದನೆಗೆ ಕೂತವರ ಹಾಗೆ ಹೆಬ್ಬೆರಳಿನಿಂದ ಒಂದು ಹೊಳ್ಳೆ ಒತ್ತಿ, ಇನ್ನೊಂದರಿಂದ ಮೆಲ್ಲಗೆ ಎಳೆದುಕೊಳ್ಳುವರು. ಆಮೇಲೆ ತೀರ್ಪು. ವಿಶಾಖಪಟ್ಟಣದ ಹೊರಗಿನ ನಮ್ಮ ಔಷಧ ಕಾರ್ಖಾನೆಯಲ್ಲಿ, ಸೂಕ್ಷ್ಮಜೀವಿಗಳನ್ನು ಬೆಳೆಸುವ ದೊಡ್ಡ ಟ್ಯಾಂಕುಗಳಿಗೆಲ್ಲ ಅವರೇ ಹಿರಿಯರು. ಒಮ್ಮೆ ಲ್ಯಾಬಿನ ವರದಿ ಬರುವ ಮೊದಲೇ ಮೂಸಿ, "ಇದಕ್ಕೆ ಯಾರೋ ಬಿನ್ನಾಣಗಿತ್ತಿ ಸೇರ್ಕೊಂಡಿದಾಳೆ, ಚೆಲ್ಲಿ" ಅಂದರು. ಎರಡು ದಿನದ ಮೇಲೆ ವರದಿಯೂ ಅದನ್ನೇ, ಬೇಡದ ಜೀವಿ ಹೊಕ್ಕಿದೆ ಎಂದು, ಇಂಗ್ಲಿಷಿನಲ್ಲಿ ಹೇಳಿತು.

ನಾನು ಹುಬ್ಬಳ್ಳಿಯವನು, ಅವರು ತುಮಕೂರಿನ ಕಡೆಯವರು. ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಕ್ಯಾಂಟೀನಿನಲ್ಲಿ ಸಾಂಬಾರಿನ ಬಟ್ಟಲು ಹಿಡಿದು ಅವರ ಹೊಳ್ಳೆ ಒತ್ತುವ ಅಭಿನಯ ಮಾಡುತ್ತಿದ್ದೆ. ಎಲ್ಲರೂ ನಗುವುದನ್ನು ತಟ್ಟನೆ ನಿಲ್ಲಿಸಿದರು. ತಿರುಗಿ ನೋಡಿದರೆ ಸಾಹೇಬರು.

"ಕನ್ನಡಕ ತೆಗೀಲಿಲ್ವಲ್ಲಯ್ಯ," ಅಂದರು. "ಅರ್ಧಂಬರ್ಧ ಮಾಡ್ಬೇಡ."

ಆ ಭಾನುವಾರ ಮನೆಗೆ ಕರೆದರು.

ಮನೆಯಲ್ಲಿ ಒಬ್ಬರೇ. ಹೆಂಡತಿ ಬ್ಯಾಂಕಿನ ಅಧಿಕಾರಿ, ವರ್ಗವಾಗಿ ವಿಜಯವಾಡದಲ್ಲಿದ್ದರು. ಅಲ್ಲಿನ ಗವರ್ನರ್‌ಪೇಟೆಯಲ್ಲಿ ಬಾಡಿಗೆ ಮನೆ. ನಾನು ಅವರನ್ನು ಅಕ್ಕಾರು ಅನ್ನುತ್ತೇನೆ. ಇಲ್ಲಿ ಸಾಹೇಬರ ಸಂಸಾರವೆಂದರೆ ಬಚ್ಚಲಿನ ಪಕ್ಕದ ದೊಡ್ಡ ಪ್ಲಾಸ್ಟಿಕ್ ಟಬ್ಬು. ಅದರ ನೀರಿನಲ್ಲಿ ಒದ್ದೆ ಟವೆಲು ಸುತ್ತಿಕೊಂಡು ಕೂತ ಒಂದು ಡಬ್ಬ. ಡಬ್ಬದೊಳಗೆ ಬಿಯರು. ಕಡಲತೀರದ ಸೆಕೆಗೆ ಈಸ್ಟು ಕೆರಳದಿರಲಿ ಎಂದು ಬೆಳಿಗ್ಗೆ ಸಂಜೆ ಐಸುಗಟ್ಟಿದ ನೀರಿನ ಬಾಟಲಿಗಳನ್ನು ಟಬ್ಬಿಗೆ ಇಳಿಸುತ್ತಿದ್ದರು, ಜ್ವರದ ಮಗುವಿಗೆ ಪಟ್ಟಿ ಹಾಕುವ ಹಾಗೆ. ಮನೆಯಲ್ಲಿ ಬಿಯರು ಮಾಡುವುದು ಕಾಯ್ದೆಗೆ ಒಪ್ಪದ ಕೆಲಸ. ಅದಕ್ಕೇ ಒಂದು ತೊಟ್ಟೂ ಮಾರಲಿಲ್ಲ, ಯಾರಿಗೂ ಹೇಳಲಿಲ್ಲ. ಮೊಳಕೆ ಬಾರ್ಲಿಯ ಮಾಲ್ಟು ಕುದಿಯುವ ಘಮಕ್ಕೆ ಪಕ್ಕದ ಮನೆಯಾಕೆ ಕಿಟಕಿಯಿಂದ "ಏಂ ವಂಡುತುನ್ನಾರಂಡಿ?" ಏನು ಅಡುಗೆ, ಎಂದು ವಿಚಾರಿಸಿದರೆ, "ಮಾಲ್ಟ್ ಗಂಜಿ ಅಂಡಿ, ಒಂಟಿಕಿ ಮಂಚಿದಿ," ಮೈಗೆ ಒಳ್ಳೆಯದು, ಎಂದು ತುಮಕೂರಿನ ತೆಲುಗಿನಲ್ಲಿ ಸಾಗಹಾಕುತ್ತಿದ್ದರು.

ಫ್ರಿಜ್ಜಿನಲ್ಲಿ ಮೂರು ಪುಟ್ಟ ಸೀಸೆ. ಒಂದು ಬೆಲ್ಜಿಯಂ ಈಸ್ಟು, ಒಂದು ಇಂಗ್ಲೆಂಡಿನದು, ಒಂದು ಜರ್ಮನಿಯ ಗೋಧಿ ಬಿಯರಿನದು.

"ಅದೇ ನೀರು, ಅದೇ ಮಾಲ್ಟು. ಈಸ್ಟ್ ಬದಲಾಯಿಸಿ ನೋಡು, ಬೇರೆ ದೇಶದ ಬಿಯರಾಗುತ್ತೆ."

"ಬೇಕರಿ ಈಸ್ಟ್ ಹಾಕಿದ್ರ ಆಗೂದಿಲ್ಲೇನ್ರಿ ಸಾಹೇಬ್ರ? ಅಗ್ಗದಾಗ ಮುಗೀತೈತಿ."

"ನೊರೆ ಬರುತ್ತೆ. ನೀನು ನನ್ನ ದನಿ ಮಾಡಿದ್ರೆ ನಾನಾಗ್ತೀಯೇನಯ್ಯ?"

ಗೋಧಿ ಬಿಯರಿನ ಈಸ್ಟು ಅವರ ಜೀವ. ಅದನ್ನು ಮಾರುತ್ತಿದ್ದ ಕಂಪನಿ ಆ ತಳಿಯನ್ನೇ ನಿಲ್ಲಿಸಿತ್ತು. ಇವರು ಮಾತ್ರ ಒಂದು ಪೊಟ್ಟಣದಿಂದ ವರ್ಷಗಟ್ಟಲೆ, ಮೂರು ವಾರಕ್ಕೊಮ್ಮೆ ತಾಜಾ ಮಾಲ್ಟಿನ ನೀರು ಕೊಟ್ಟು, ಸಾಕಿಕೊಂಡು ಬಂದಿದ್ದರು. ಅದು ಬಿಯರಿಗೆ ಬಾಳೆಹಣ್ಣಿನ ವಾಸನೆ ಕೊಡುತ್ತದೆ. ಅದರ ಹಿಂದೆ ಎಳೆಯಷ್ಟು ಲವಂಗ. "ಸಿಕ್ತಾ?" ಎಂದು ಕೇಳುವರು. ನಾನು ಹೂಂ ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಯಾವತ್ತೂ ಬಾಳೆಹಣ್ಣಷ್ಟೇ ಸಿಕ್ಕಿದ್ದು.

ಪ್ರತಿ ಸಲ ಸೀಸೆ ಬಗ್ಗಿಸುವಾಗ ಒಂದು ಮಾತು ತಪ್ಪುತ್ತಿರಲಿಲ್ಲ: "ಎಲ್ಲಾ ಸುರೀಬೇಡ ಕಣಯ್ಯ. ತಳದಲ್ಲಿ ಒಂದು ಚಮಚ ಉಳಿಸ್ಕೋ." ಇದನ್ನು ಅವರಿಗೆ ಕಲಿಸಿದ್ದು ಅಕ್ಕಾರ ಮೊಸರಿನ ಪಾತ್ರೆಯಂತೆ. ಅಕ್ಕಾರು ತುಮಕೂರಿನಿಂದ ತಂದ ಹೆಪ್ಪು ಮೂರು ವರ್ಗಾವಣೆ ದಾಟಿಯೂ ಬದುಕಿತ್ತು.

ನಂಟು ಹೀಗೆ ಬೆಳೆಯುತ್ತಿರುವಾಗ ಸಾಹೇಬರ ನಾಲಗೆಯ ಬುಡದಲ್ಲಿ ಗಂಟು ಕಾಣಿಸಿತು. ಚಿಕಿತ್ಸೆಗೆ ವಿಜಯವಾಡಕ್ಕೆ ಹೋದರು. ಮನೆಯ ಕೀಲಿ ನನ್ನ ಕೈಗೆ ಕೊಟ್ಟು, "ಮೂರು ವಾರಕ್ಕೊಂದ್ಸಲ, ಮರೀಬೇಡ," ಅಂದರು. ನಾನು ಅವರದೇ ದನಿಯಲ್ಲಿ "ಮರೀಬೇಡ" ಎಂದು ತಿರುಗಿಸಿ ಹೇಳಿದೆ. ನಕ್ಕರು. ಆಮೇಲೆ ಎರಡು ಸಲ ಮರೆತೆ. ಇಂಗ್ಲೆಂಡು ಬೂಷ್ಟು ಹಿಡಿದು ಹೋಯಿತು, ಬೆಲ್ಜಿಯಂ ಹುಳಿಯಾಯಿತು. ಗೋಧಿಯದೊಂದು ಹೇಗೋ ಉಳಿಯಿತು.

ವಿಕಿರಣ ಕೊಟ್ಟ ಮೇಲೆ ಒಂದು ದಿನ ಅವರ ಫೋನು. ದನಿ ಗೊರಗೊರ ಅನ್ನುತ್ತಿತ್ತು.

"ರುಚಿ ಹೋಯ್ತು ಕಣಯ್ಯ. ಅನ್ನ, ಮರಳು ಎರಡೂ ಒಂದೇ. ಮೂಗು ಇದೆಯೋ ಇಲ್ವೋ ಗೊತ್ತಾಗ್ತಿಲ್ಲ. ಗೋಧಿದು ಒಂದ್ಸಲ ಮಾಡ್ಕೊಂಡು ಬಾ. ಕುಡಿಯಲ್ಲ, ಮೂಸ್ತೀನಿ ಅಷ್ಟೆ. ಅಡುಗೆಮನೆ ಡಬ್ಬದ ಲವಂಗ ಯಾರಿಗಾದ್ರೂ ಸಿಗುತ್ತೆ. ಆ ಎಳೆ ಸಿಕ್ಕಿದ್ರೆ ಮೂಗಿದೆ ಅಂತ ಲೆಕ್ಕ. ಮೂಗಿದ್ರೆ ವಾಪಸ್ ಕೆಲಸಕ್ಕೆ ಬರ್ತೀನಿ."

ಭಾನುವಾರ ಮಾಲ್ಟು ಕುದಿಸಿದೆ. ಸ್ನೇಹಿತರು ವಿಡಿಯೊ ಕಾಲಿನಲ್ಲಿದ್ದರು. ಫೋನನ್ನು ಕಿಟಕಿಗೆ ಒರಗಿಸಿ, ಕನ್ನಡಕ ತೆಗೆದ ಹಾಗೆ ಮಾಡಿ, ಹೊಳ್ಳೆ ಒತ್ತಿ, "ಕೈಯನ್ನ ನಂಬಬೇಡ ಕಣಯ್ಯ, ಥರ್ಮಾಮೀಟರ್ ನೋಡು" ಎಂದು ಸಾಹೇಬರಾಗಿ ಬುದ್ಧಿ ಹೇಳುತ್ತ, ಹೇಳುತ್ತಲೇ ಥರ್ಮಾಮೀಟರ್ ನೋಡದೆ ಸೀಸೆ ಬಗ್ಗಿಸಿದೆ. ಪಾತ್ರೆಯಲ್ಲಿ ಇನ್ನೂ ಹಬೆಯಾಡುತ್ತಿತ್ತು. ಬೇಗ ಆಗಲಿ ಎಂದು ತಳದ ಚಮಚವನ್ನೂ ಸುರಿದಿದ್ದೆ. ಸ್ನೇಹಿತರು ಬಿದ್ದು ಬಿದ್ದು ನಕ್ಕರು. ಅಷ್ಟು ಚೆನ್ನಾಗಿ ಸಾಹೇಬರ ಅಭಿನಯ ನಾನು ಹಿಂದೆಂದೂ ಮಾಡಿರಲಿಲ್ಲ.

ಒಂದು ದಿನ, ಎರಡು ದಿನ, ಮೂರು ದಿನ. ಡಬ್ಬದಿಂದ ಗಾಳಿ ಹೊರಬೀಳುವ ಕೊಳವೆಯಲ್ಲಿ ಒಂದೂ ಗುಳ್ಳೆಯಿಲ್ಲ. ಬಿಸಿಗೆ ಎಲ್ಲ ಸತ್ತಿತ್ತು. ನಾಲ್ಕನೆಯ ದಿನ ಬೇಕರಿ ಸಾಮಾನಿನ ಅಂಗಡಿಗೆ ಹೋಗಿ ಬ್ರೆಡ್ಡಿಗೆ ಹಾಕುವ ಈಸ್ಟು ತಂದೆ. ಜೊತೆಗೆ, ಕೇಕಿಗೆ ಹಾಕುವ ಬಾಳೆಹಣ್ಣಿನ ಎಸೆನ್ಸು.

ಹಾಗೆ ಮಾಡಿದ್ದನ್ನು ಎರಡು ಬಾಟಲಿಗೆ ತುಂಬಿ, ಆಯುರ್ವೇದ ಕಷಾಯ ಎಂದು ಚೀಟಿ ಅಂಟಿಸಿ, ಲುಂಗಿ ಸುತ್ತಿ, ರೈಲಿನಲ್ಲಿ ವಿಜಯವಾಡಕ್ಕೆ ಒಯ್ದೆ. ಬೆಂಜ್ ಸರ್ಕಲ್ ಹತ್ತಿರದ ಆಸ್ಪತ್ರೆಯಿಂದ ಅವರನ್ನು ಹಿಂದಿನ ದಿನವಷ್ಟೇ ಮನೆಗೆ ತಂದಿದ್ದರು. ಕಿಟಕಿಯ ಪಕ್ಕ ಮಂಚ, ದೂರದಲ್ಲಿ ಇಂದ್ರಕೀಲಾದ್ರಿ. ಮಂಚದ ಮೇಲೆ ಸಾಹೇಬರು ಅಂತ ಉಳಿದಿದ್ದು ಆ ಮೂಗೊಂದೇ.

ಗ್ಲಾಸಿಗೆ ಬಗ್ಗಿಸಿ ಕೊಟ್ಟೆ. ಕನ್ನಡಕ ತೆಗೆದರು. ಪಂಚೆ ಉಟ್ಟವರು, ಇಡಲು ಜೇಬಿಲ್ಲ; ಅಕ್ಕಾರು ಕೈಚಾಚಿ ಇಸಕೊಂಡರು. ಹೆಬ್ಬೆರಳಿನಿಂದ ಹೊಳ್ಳೆ ಒತ್ತಿದರು.

"ಬಾಳೆಹಣ್ಣು ಸಿಕ್ತು," ಅಂದರು. ಇನ್ನೊಂದು ಹೊಳ್ಳೆಯಿಂದ ಎಳೆದುಕೊಂಡರು. "ಲವಂಗ ಸಿಗ್ತಿಲ್ಲ. ನೀನು ನೋಡಯ್ಯ, ಇದೆಯಾ?"

ಇಲ್ಲ ಎನ್ನುವುದಕ್ಕೆ ಒಂದು ಉಸಿರು ಸಾಕಿತ್ತು. ಹೇಳಿದ್ದರೆ ಬೈಯುತ್ತಿದ್ದರು, ಅಷ್ಟೆ. ನಾನು ಗ್ಲಾಸು ಮೂಸಿ, "ಘಮ್ ಅಂತೈತ್ರಿ ಸಾಹೇಬ್ರ," ಎಂದೆ.

"ಹೌದಾ," ಅಂದರು. ಗ್ಲಾಸನ್ನು ಅಕ್ಕಾರ ಕೈಗೆ ಕೊಟ್ಟರು. "ಹಾಗಾದ್ರೆ ಮೂಗೂ ಹೋಯ್ತು."

ಮರುದಿನವೇ ರಾಜೀನಾಮೆಯ ಪತ್ರ ಬರೆಸಿದರಂತೆ. ಮುಂದಿನ ಸುತ್ತಿನ ಚಿಕಿತ್ಸೆಗೆ, "ಯಾಕೆ, ಸಾಕು" ಅಂದರಂತೆ. ಡಾಕ್ಟರು ಹೇಳಿದರು, ಅಕ್ಕಾರು ಅತ್ತರು, ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಎರಡು ತಿಂಗಳಿಗೆ ತೀರಿಕೊಂಡರು. ಚಿಕಿತ್ಸೆ ಮುಂದುವರಿದಿದ್ದರೂ ಹೆಚ್ಚು ದಿನ ಇರುತ್ತಿರಲಿಲ್ಲ ಎಂದು ಡಾಕ್ಟರೇ ಹೇಳಿದ್ದಾರೆ. ಈ ಮಾತನ್ನು ನಾನು ದಿನಕ್ಕೆ ಎಷ್ಟು ಸಲ ಹೇಳಿಕೊಳ್ಳುತ್ತೇನೋ, ಡಾಕ್ಟರ ದನಿಯಲ್ಲೇ.

ತಿಥಿಯ ಊಟ ಮುಗಿದ ಮೇಲೆ ವಿಶಾಖಪಟ್ಟಣದ ಮನೆಯ ಕೀಲಿ ಹಿಂದಿರುಗಿಸಲು ಅಡುಗೆಮನೆಗೆ ಹೋದೆ. ಅಕ್ಕಾರು ಫ್ರಿಜ್ಜು ತೆರೆದರು. ಮೊಸರಿನ ಪಾತ್ರೆಯ ಪಕ್ಕದಲ್ಲಿ ಕಷಾಯದ ಚೀಟಿಯ ಬಾಟಲಿ, ಅರ್ಧ ತುಂಬಿದ್ದು.

"ತಳದಲ್ಲಿ ಇನ್ನೂ ಜೀವ ಇರುತ್ತಂತೆ, ಅಲ್ವೇನೋ? ಅವರು ಹೇಳ್ತಿದ್ರು. ಇದನ್ನ ಹೇಗೆ ಸಾಕೋದು ಅಂತ ಹೇಳ್ಕೊಡು. ನಾನೇ ಇಟ್ಕೋತೀನಿ."

ಆಗ ಹೇಳಿದೆ. ಬಿಸಿ ಪಾತ್ರೆ, ಬೇಕರಿ ಅಂಗಡಿ, ಎಸೆನ್ಸು, ಎಲ್ಲವನ್ನೂ. ಯಾರ ದನಿಯನ್ನೂ ಮಾಡಲಿಲ್ಲ. ಅಕ್ಕಾರು ಬಾಟಲಿ ಹಿಡಿದುಕೊಂಡೇ ನಿಂತಿದ್ದರು. ಕೊನೆಗೆ ನನ್ನದೊಂದು ಸಮಾಧಾನವನ್ನೂ ಸೇರಿಸಿದೆ: "ಹೆಂಗೂ ಸಾಹೇಬ್ರ ಮೂಗು ಆಗಲೇ ಹೋಗಿತ್ತಲ್ರಿ ಅಕ್ಕಾರ. ಖರೇದ್ದು ತಂದಿದ್ರೂ ಅವರಿಗೆ ಗೊತ್ತಾಕ್ಕಿರಲಿಲ್ಲ."

ಅವರು ಬಾಟಲಿಯನ್ನು ಸಿಂಕಿಗೆ ಬಗ್ಗಿಸಿದರು. ತಳದ್ದೂ ಇಳಿದುಹೋಗುವವರೆಗೆ ನಲ್ಲಿ ಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ಹೋದ ತಿಂಗಳು ನಾನು ಈ ಫ್ರಿಜ್ ತೆಗೆದಾಗ, ಆ ಮಂಚದಿಂದಲೇ 'ಹೆಪ್ಪು ಕೆಟ್ಟಿದೆ ಕಣೇ' ಅಂದ್ರು. ಕೆಟ್ಟಿತ್ತು. ಆಮೇಲೆ ಅವರೇ, 'ನನಗೆಲ್ಲಿ ಮೂಗು, ಸುಮ್ನೆ ಅನ್ನಿಸಿರಬೇಕು ಬಿಡು' ಅಂದ್ರು. ಮೂಗು ಇತ್ತು ಕಣೋ. ಅದು ಹೇಳಿದ್ದನ್ನ ಬಿಟ್ಟು, ನೀನು ಹೇಳಿದ್ದನ್ನ ನಂಬಿದ್ರು."