ಕೆಂಪು ಬೆನ್ನಿನ ಕಾದಂಬರಿಗಳು

ಬೆಳಗಿನ ಜಾವ ಐದು ಗಂಟೆ. ಇಲೊಯಿಲೊ ಕಡಲತೀರದ ನಮ್ಮ ಪುಟ್ಟ ಪಟ್ಟಣದಲ್ಲಿ ಈ ಹೊತ್ತಿಗೆ ಬ್ರೆಡ್ಡಿನ ಭಟ್ಟಿ ಬಿಟ್ಟರೆ ಉರಿಯುವುದು ಫ್ಲೋರ್ದೆಲಿಸ ಕತಾಲ್ಬಸ್ ಅವರ ಒಲೆ ಮಾತ್ರ. ಮೇಲೆ ಕುದಿಯುತ್ತಿರುವುದು ಗಂಜಿಯಲ್ಲ, ಮರಗೆಣಸಿನ ಹಿಟ್ಟಿನ ಅಂಟು. ಜಿರಲೆ ಮುಟ್ಟದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಬೀಳುತ್ತದೆ. "ದೂರ ಕೂತ್ಕೊಳಪ್ಪ. ಕಾಫಿ ಯಾವ್ದು, ಅಂಟು ಯಾವ್ದು ಅಂತ ಒಂದೊಂದ್ಸಲ ನಂಗೇ ಗೊತ್ತಾಗಲ್ಲ" ಎಂದು ನನ್ನನ್ನು ಹೆದರಿಸಿ ನಗುತ್ತಾರೆ.

ಐವತ್ತೆಂಟರ ಇವರು ಊರಿಗೆಲ್ಲ 'ನಾಂಗ್ ದೆಲ', ಅಂದರೆ ದೆಲಕ್ಕ. ಪಟ್ಟಣದ ಗ್ರಂಥಾಲಯದ ಹರಿದ ಪುಸ್ತಕಗಳಿಗೆ ಇಪ್ಪತ್ತೆರಡು ವರ್ಷದಿಂದ ಹೊಲಿಗೆ ಹಾಕುತ್ತಿದ್ದಾರೆ. ದಿನಕ್ಕೆ ಆರು, ಮಳೆಗಾಲದಲ್ಲಿ ಅಂಟು ಒಣಗದೆ ನಾಲ್ಕೇ. ಓದಿದ್ದು ಆರನೇ ತರಗತಿ. ಮೀನಿಗೆ ಹೋದ ಗಂಡನನ್ನು ಬಿರುಗಾಳಿ ಹಿಂದಕ್ಕೆ ಕೊಡಲಿಲ್ಲ. ಮೂರು ಹೆಣ್ಣುಮಕ್ಕಳನ್ನು ಈ ಸೂಜಿಯೇ ಸಾಕಿತು.

"ಮಕ್ಕಳು ಎಲ್ಲಿ ಉಸಿರು ಬಿಗಿ ಹಿಡಿದ್ರೋ ಅಲ್ಲೇ ಪುಟ ಸಡಿಲ ಆಗಿರುತ್ತೆ. ಹೊಲಿಯೋಕೆ ಮುಂಚೆ ಆ ಪುಟ ಓದ್ತೀನಿ. ಆಮೇಲೆ ತಡ್ಕೊಳೋಕಾಗ್ದೆ ಮೊದಲಿಂದ ಶುರು ಮಾಡ್ತೀನಿ" ಎನ್ನುತ್ತಾರೆ ನಾಂಗ್ ದೆಲ.

ಮೂರನೇ ಸಲ ಹರಿದು ಬಂದ ಕಾದಂಬರಿಯ ಬೆನ್ನಿಗೆ ಮಾತ್ರ ಹಳೇ ಜೀಪ್ನಿ ವ್ಯಾನಿನ ಸೀಟಿನ ಕೆಂಪು ರೆಕ್ಸಿನ್. ಗಟ್ಟಿ ಇರಲಿ ಎಂದು ಹಾಕಿದ್ದು, ಅಷ್ಟೇ. ಆದರೆ ಹೈಸ್ಕೂಲು ಮಕ್ಕಳು ಗುಟ್ಟು ಹಿಡಿದೇಬಿಟ್ಟರು: ಕೆಂಪು ಬೆನ್ನು ಕಂಡರೆ ಕಣ್ಣು ಮುಚ್ಚಿಕೊಂಡು ತೆಗೆದುಕೊ! ಪಕ್ಕದ ಕಪಾಟಿನಲ್ಲಿ 'ಹದಿಹರೆಯದವರು ಓದಲೇಬೇಕಾದ ಕಾದಂಬರಿಗಳು' ಪ್ಲಾಸ್ಟಿಕ್ ಹೊದ್ದು ದೂಳು ತಿನ್ನುತ್ತಿರುತ್ತವೆ. ಆ ಪಟ್ಟಿ ಮಾಡುವ ದೊಡ್ಡವರ ಮೇಲೆ ನನಗೆ ಸಿಟ್ಟಿದೆ, ಹೇಳಿಯೇಬಿಡುತ್ತೇನೆ. ಹದಿನೈದರ ಹುಡುಗಿಗೆ ಏನು ಬೇಕೆಂದು ಅವಳೊಬ್ಬಳನ್ನು ಬಿಟ್ಟು ಊರನ್ನೆಲ್ಲ ಕೇಳುತ್ತಾರೆ.

ಒಮ್ಮೆ ಮಾಮೂಲಿ ಕಂದು ಬಟ್ಟೆ ಮುಗಿದು, ಸೋರುವ ಮಾಡಿನಡಿ ನೆಂದಿದ್ದ ಆ 'ಓದಲೇಬೇಕಾದ' ಪುಸ್ತಕವೊಂದಕ್ಕೆ ನಾಂಗ್ ದೆಲ ಕೆಂಪು ರೆಕ್ಸಿನ್ ಹಚ್ಚಿದ್ದರು. ಅದನ್ನು ಒಯ್ದ ಜೊನಾಲಿನ್ ಎಂಬ ಹುಡುಗಿ ಎರಡೇ ದಿನಕ್ಕೆ ಇವರ ಮನೆ ಬಾಗಿಲಲ್ಲಿ ಹಾಜರು.

"ಮೋಸ ಮಾಡ್ಬಿಟ್ರಲ್ಲ ನಾಂಗ್! ಇಪ್ಪತ್ತು ಪುಟಕ್ಕೆ ಮೂರು ಸಲ ನಿದ್ದೆ ಬಂತು!"

"ತಪ್ಪಾಯ್ತು ತಾಯಿ, ಬಟ್ಟೆ ಖಾಲಿಯಾಗಿತ್ತು" ಎಂದು ಇವರು ಅಲ್ಲೇ ಕೂತು ಕೆಂಪನ್ನು ಕಿತ್ತು ತೆಗೆದರು. ತಮ್ಮ ರೆಕ್ಸಿನ್ನನ್ನು ಮಕ್ಕಳು ಇಷ್ಟು ನಂಬಿದ್ದಾರೆಂದು ತಿಳಿದದ್ದೇ ಅಂದು.

ಹೋದ ತಿಂಗಳು ಆ ನಂಬಿಕೆಗೇ ಕುತ್ತು ಬಂತು. ಸೋಮವಾರ ಮೇಲಧಿಕಾರಿಗಳ ತಪಾಸಣೆ, ಕಪಾಟಿನಲ್ಲಿ ಮೂರು ಸಲ ತೇಪೆ ಬಿದ್ದ ಪುಸ್ತಕ ಕಾಣಬಾರದು. ನಲವತ್ತೊಂದು ಕೆಂಪು ಬೆನ್ನುಗಳೂ ಶನಿವಾರ ರದ್ದಿಗೆ ಎಂದರು ಹೊಸದಾಗಿ ಬಂದ ಗ್ರಂಥಪಾಲಕಿ ಸೊಬ್ರೆವೇಗ ಮೇಡಂ.

"ಓದಿದ್ದಕ್ಕೇ ಅಲ್ವಾ ಮೇಡಂ ಅವು ಹರಿದಿರೋದು?" ಎಂದು ನಾಂಗ್ ದೆಲ ಅತ್ತೇಬಿಟ್ಟರು.

"ನನಗೇನು ಖುಷೀನಾ ನಾಂಗ್? ರೂಲ್ಸು. ಕಪಾಟಲ್ಲಿರೋ ಮೂರು ಸಲ ಹರಿದ ಪುಸ್ತಕ ಎಲ್ಲ ತೆಗೀಬೇಕು."

ಗ್ರಂಥಾಲಯದ ಮೂಲೆಯಲ್ಲಿ ಓದುತ್ತ ಕೂತಿದ್ದ ಜೊನಾಲಿನ್ ತಲೆ ಎತ್ತಿದಳು. "ಕಪಾಟಲ್ಲಿ ಇಲ್ದೇ ಇದ್ರೆ ಮೇಡಂ?"

ಮೇಡಂ ಠಸ್ಸೆಯ ಮಸಿ ಒಣಗಿದೆಯೇ ಎಂದು ನೋಡತೊಡಗಿದರು. ಶುಕ್ರವಾರ ಶಾಲೆ ಬಿಟ್ಟೊಡನೆ ಕೆಂಪು ಬೆನ್ನು ಒಯ್ಯಲು ಗ್ರಂಥಾಲಯದ ಮುಂದೆ ಮಕ್ಕಳ ಸಾಲೋ ಸಾಲು. ಒಬ್ಬರಿಗೆ ಒಂದೇ ಪುಸ್ತಕ ಎಂಬ ನಿಯಮ. ಮೇಡಂ ತಲೆ ಎತ್ತದೆ ಠಸ್ಸೆ ಒತ್ತುತ್ತಲೇ ಹೋದರು. ಮಕ್ಕಳು ನಲವತ್ತು ಮಂದಿ, ಕಪಾಟಿನಲ್ಲಿ ಒಂದು ಉಳಿಯಿತು. ಅದನ್ನು ಮೇಡಂ ಎತ್ತಿಕೊಂಡು, ಎರವಲಿನ ದಾಖಲೆಯಲ್ಲಿ ತಮ್ಮದೇ ಹೆಸರು ಬರೆದು, ಚೀಲಕ್ಕೆ ಹಾಕಿಕೊಂಡರು. ನಾಂಗ್ ದೆಲ ಈಗಲೂ ಇದನ್ನು ಹೇಳುವಾಗ ಮೂಗೊರೆಸಿಕೊಳ್ಳುತ್ತಾರೆ.

ತಪಾಸಣೆ ಮುಗಿದು ಹದಿನೈದು ದಿನವಾಗಿದೆ. ಇನ್ನು ರದ್ದಿಯ ಮಾತೇ ಇಲ್ಲ ಎಂದು ಮೇಡಂ ಹೇಳಿದ್ದಾರೆ. ಪುಸ್ತಕಗಳೆಲ್ಲ ವಾಪಸ್ ಬಂದವೇ ಎಂದು ಕೇಳುತ್ತೇನೆ.

ಸೂಜಿಗೆ ದಾರ ಪೋಣಿಸುತ್ತ ನಾಂಗ್ ದೆಲ ಹೇಳುತ್ತಾರೆ: "ಮಕ್ಕಳ ನಲವತ್ತೂ ಬಂದ್ವು. ಮೇಡಂದೊಂದೇ ಬಾಕಿ. ಕೇಳಿದ್ರೆ, 'ಇನ್ನೊಂದ್ಸಲ ಓದಿ ಕೊಡ್ತೀನಿ ನಾಂಗ್' ಅಂತಾರೆ. ಓದ್ಲಿ ಬಿಡಪ್ಪ. ನಾನು ಹಾಕಿದ ಹೊಲಿಗೆ, ತಡ್ಕೊಳುತ್ತೆ."